ಒತ್ತು ಕೊಟ್ಟ ಹರಳು

ಕುಂಬಾರ ಹುಳವೊಂದು ಬಾಯಲ್ಲೇ ಮಣ್ಣು ಕಲೆಸಿ, ಮೂರು ದಿನ ಕೂತು, ಕಡಲೆಕಾಳಿನಷ್ಟು ಪುಟ್ಟ ಮಡಕೆ ಮಾಡಿತು. ಅದು ಉರುಳದಿರಲೆಂದು ಸಾಸಿವೆಯಷ್ಟು ಸಣ್ಣ ಕಲ್ಲಿನ ಹರಳೊಂದನ್ನು ಒತ್ತು ಕೊಟ್ಟು, ದಾರಿಬದಿಯಲ್ಲಿ ಮಾರಲು ಕೂತಿತು.

ಮೊದಲು ಬಂದ ಎಮ್ಮೆ ಮೂಸಿ ನೋಡಿ, "ಮಣ್ಣು ತಾನೇ? ನನ್ನ ಬೆನ್ನ ಮೇಲೇ ಬೇಕಾದಷ್ಟಿದೆ," ಎಂದು ಬಾಲ ಬೀಸಿ ಹೋಯಿತು.

ಆಮೇಲೆ ಬಂದ ಕೋಳಿ ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿತು. ಹುಳ ಮಡಕೆಯ ಬಾಯನ್ನು ಅದರತ್ತ ತಿರುಗಿಸಿತು.

"ಎಷ್ಟು ಚೆಂದ! ಈ ಹರಳು ಎಷ್ಟಮ್ಮಾ?" ಎಂದಿತು ಕೋಳಿ.

ಹೊಟ್ಟೆಪಾಡು ನಡೆಯಬೇಕಲ್ಲ! ಮರುದಿನ ಹುಳ ಮಡಕೆಯನ್ನು ಹಿಂದೆ ಸರಿಸಿ, ಹರಳುಗಳನ್ನೇ ರಾಶಿ ಹಾಕಿ ಕೂತಿತು. ಕೋಳಿ ಬಂದು ನಾಲ್ಕು ಹರಳು ಆರಿಸಿತು.

"ಆ ಮಡಕೆ ಸುಮ್ಮನೆ ಬಿದ್ದಿದೆಯಲ್ಲ, ಅದರಲ್ಲೇ ಹಾಕಿಕೊಡಮ್ಮ. ಮೊದಲು ಚೆನ್ನಾಗಿ ತೊಳಿ, ಪೂರ್ತಿ ಮಣ್ಣಾಗಿದೆ."