ಬೆರಳಗಲದ ಬೆಳಕು

ಮೈದಾನಕ್ಕೆ ಇನ್ನೂ ದೀಪ ಬಾರದ ಕಾಲ. ಅಮೆರಿಕದ ಊರೊಂದರಲ್ಲಿ ಬೇಸ್‌ಬಾಲ್ ಪಂದ್ಯ. ಊರಿನ ತಂಡ ಒಂದೇ ಓಟ ಮುಂದಿತ್ತು; ಎದುರಾಳಿಗಳ ಕೊನೆಯ ಸರದಿ ನಡೆದಿತ್ತು. ಹೊತ್ತು ಮುಳುಗುವುದನ್ನು ಕಂಡ ಊರಿನ ತಂಡದ ಯಜಮಾನ ಗ್ಯಾಲರಿಯಿಂದ ದಡದಡ ಇಳಿದು ಬಂದು ಅಂಪೈರನ ಮೇಲೆ ಎಗರಾಡಿದ.

"ಕತ್ತಲಾಯ್ತು! ಆಟ ನಿಲ್ಲಿಸಿ ನಾವೇ ಗೆದ್ದೆವು ಅಂತ ಸಾರು. ಇಲ್ಲದಿದ್ದರೆ ನಿನ್ನ ಕೆಲಸಕ್ಕೆ ಸಂಚಕಾರ ಬಂತು ಅಂತ ತಿಳ್ಕೋ!"

"ನಿಜ ಯಜಮಾನ್ರೇ, ಏನೂ ಕಾಣ್ತಿಲ್ಲ," ಎಂದ ಅಂಪೈರ್. "ಈಗಷ್ಟೇ ಅವರ ಓಟಗಾರನನ್ನ ಔಟ್ ಅಂದೆನಲ್ಲ, ಅದನ್ನೂ ವಾಪಸ್ ತಗೋತೀನಿ."

"ಏನಂದೆ? ಅಷ್ಟು ಮೇಲೆ ಕೂತಿದ್ದ ನನಗೇ ಕಂಡಿತು! ಅವನು ಮುಟ್ಟಬೇಕಾದ ಬೇಸ್ ಗುರುತಿಗೆ ಕಾಲು ಇನ್ನೂ ಒಂದು ಬೆರಳಷ್ಟು ದೂರ ಇತ್ತು!"

"ಅಲ್ಲಿಂದ ಬೆರಳಗಲ ಕಂಡಿತೇ?" ಅಂಪೈರ್ ಆಟಗಾರರತ್ತ ತಿರುಗಿದ. "ಬೆಳಕು ಬೇಕಾದಷ್ಟಿದೆಯಪ್ಪ. ಆಟ ನಡೀಲಿ!"

ಎದುರಾಳಿಗಳ ಮುಂದಿನ ಹೊಡೆತಕ್ಕೆ ಚೆಂಡು ಬೇಲಿ ದಾಟಿ, ಒಂದು ಓಟ ಬಂದು ಪಂದ್ಯ ಸಮವಾಯಿತು. ಯಜಮಾನನಿಗೆ ಅದೂ ಚೆನ್ನಾಗಿಯೇ ಕಂಡಿತು.