ಮೆಟ್ಟಿಲ ಗೆಂಡೆ, ಮಡುವಿನ ಗೆಂಡೆ

ಕೆಂಪಾಜಮ್ಮ ಹಿಂದೆ ನೋಡಿದಳು, ಮುಂದೆ ನೋಡಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ದನಿ ಇಳಿಸಿದಳು.

"ಬುದ್ಧಿ, ಈ ಮಾತು ನಿಮ್ಮ ಕಿವಿ ದಾಟಬಾರದು. ಆಣೆ ಹಾಕಿ."

ಅಯ್ಯನವರು ಮಠದ ಜಗುಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. "ಹೇಳು" ಎಂದರು. ಆಣೆ ಮಾತ್ರ ಹಾಕಲಿಲ್ಲ.

"ನಮ್ಮ ಪಕ್ಕದ ಮನೆ ಹೊನ್ನಿ ಇಲ್ವಾ, ದೋಣಿಯವಳು? ಮಠದ ಮೀನು ಕದೀತಾಳೆ."

ಮಠದ ಮುಂದೆಯೇ ಕೆರೆ. ಮೆಟ್ಟಿಲಿಗೆ ಬರುವ ಗೆಂಡೆ ಮೀನಿಗೆ ದಿನವೂ ಪ್ರಸಾದದ ಅನ್ನ. ಚಿನ್ನದ ಬಣ್ಣ, ಅಗಲ ಹೊಟ್ಟೆ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಕೆರೆಯ ನಡುವೆ ಆಳದ ಮಡು. ಅಲ್ಲಿಯ ಗೆಂಡೆ ಕಪ್ಪು, ಸಣಕಲು. ಅದು ಬೆಸ್ತರ ಪಾಲಿನದು. ಊರು ಹುಟ್ಟಿದಾಗಿಂದ ನಡೆದು ಬಂದ ಕಟ್ಟಳೆ.

"ಹೊನ್ನಿಯ ಬುಟ್ಟಿಯಲ್ಲಿ ಕಪ್ಪು ಮೀನೇ ಇರುತ್ತಲ್ಲ?" ಎಂದರು ಅಯ್ಯನವರು.

"ಅದೇ ಅವಳ ಹುನ್ನಾರ! ಮೆಟ್ಟಿಲ ಮೀನನ್ನ ಕದ್ದು ಹಿತ್ತಲ ಬಾನಿಯಲ್ಲಿ ಮುಚ್ಚಿಡ್ತಾಳೆ. ಬಿಸಿಲಿಲ್ಲ, ಅನ್ನ ಇಲ್ಲ. ಸೊರಗಿ ಕಪ್ಪಾಗ್ತವೆ. ಆಮೇಲೆ ಮಡುವಿನ ಮೀನು ಅಂತ ಸಂತೆಗೆ ಹೊರ್ತಾಳೆ. ಗೋಡೆ ಮೇಲಿಂದ ಕಣ್ಣಾರೆ ಕಂಡಿದೀನಿ, ಬಾನಿ ಮೇಲೆ ಗೋಣಿತಾಟು."

"ಬಾನಿಯೊಳಗೆ ಏನಿತ್ತು?"

"ಮುಚ್ಚಿತ್ತಲ್ಲ ಬುದ್ಧಿ, ಕಾಣೋದು ಹ್ಯಾಗೆ?"

"ಇನ್ನು ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ. ಸೇದೋ ಬಾವಿ ಹತ್ರ ನಾಲ್ಕು ಜನಕ್ಕೆ, ಅಷ್ಟೆ. ಅವರ ಕೈಲೂ ಆಣೆ ಹಾಕಿಸಿದೀನಿ."

ಆ ನಾಲ್ಕು ಆಣೆಗಳು ಸಂಜೆಯೊಳಗೆ ಊರು ಸುತ್ತಿ ಬಂದವು. ಹಿರಿಯರು ಹೊನ್ನಿಯ ದೋಣಿಯನ್ನು ದಡಕ್ಕೆ ಎಳೆಸಿ ಬೋರಲು ಹಾಕಿಸಿದರು. ಮಾತು ನಿಜವಾದರೆ ಅವಳು ಇನ್ನು ಈ ಜನ್ಮದಲ್ಲಿ ಕೆರೆಗೆ ಇಳಿಯುವ ಹಾಗಿಲ್ಲ. ಗಂಡ ಸತ್ತ ಹೊನ್ನಿಗೆ ಆ ದೋಣಿಯೇ ಹೊಲ, ಆ ದೋಣಿಯೇ ಕರೆಯುವ ಹಸು.

ಅವಳು ಅಳಲಿಲ್ಲ, ಮಣ್ಣು ತೂರಿ ಶಾಪ ಹಾಕಲಿಲ್ಲ. ಕೆಂಪಾಜಮ್ಮನಿಗೆ ಅದೊಂದು ನಿರಾಸೆ. ಹೊನ್ನಿ ನೆಟ್ಟಗೆ ಅಯ್ಯನವರ ಮುಂದೆ ಬಂದು ನಿಂತಳು.

"ಆ ಎರಡು ಗೆಂಡೆನೂ ಹುಟ್ಟಿನಿಂದ್ಲೇ ಬೇರೆ ಬುದ್ಧಿ. ಯಾರೂ ಮಾಡಿದ್ದಲ್ಲ."

"ತೋರಿಸ್ತೀಯಾ?"

"ಮಳೆ ಬೀಳಲಿ. ಮೊಟ್ಟೆ ಇಡ್ತವೆ."

ಮಳೆ ಬಿತ್ತು. ಅಯ್ಯನವರು ಆ ಒಂದು ದಿನದ ಮಟ್ಟಿಗೆ ಹೊನ್ನಿಯ ದೋಣಿಯನ್ನು ನೀರಿಗಿಳಿಸಿ ತಾವೇ ಅದರಲ್ಲಿ ಕೂತರು, ಕೆಂಪಾಜಮ್ಮನನ್ನೂ ಕೂರಿಸಿಕೊಂಡರು. ಹೊನ್ನಿ ಹುಟ್ಟು ಹಾಕಿದಳು. ಮೆಟ್ಟಿಲ ಗೆಂಡೆ ದಡದ ಜೊಂಡಿಗೆ ಮೊಟ್ಟೆ ಅಂಟಿಸಿತ್ತು. ಮಡುವಿನ ಗೆಂಡೆ ಬಂಡೆಯಂಚಿನ ಕಲ್ಲಿಗೆ. ಒಂದರ ತೌರಿಗೆ ಇನ್ನೊಂದು ಕಾಲಿಡುವುದಿಲ್ಲ. ಹೊನ್ನಿಗೆ ಒಂದೊಂದು ಜಾಗವೂ ಗೊತ್ತು. ಜೊಂಡನ್ನೂ ಕಲ್ಲನ್ನೂ ಬೇರೆ ಬೇರೆ ಕೊಡದಲ್ಲಿ ತಂದರು.

ಮಠದ ಹಿಂದೆ ಎರಡು ಹೊಂಡ ತೋಡಿಸಿದ್ದರು. ಒಂದಕ್ಕೆ ಮೈತುಂಬ ಬಿಸಿಲು. ಇನ್ನೊಂದಕ್ಕೆ ತೆಂಗಿನ ಗರಿ ಹೊದಿಸಿ ಗವಿಯಂತೆ ಕತ್ತಲು.

ಅಯ್ಯನವರು ಮಡುವಿನ ಮೊಟ್ಟೆಯನ್ನು ಬಿಸಿಲಿಗೆ ಬಿಟ್ಟರು. ಮೆಟ್ಟಿಲಿನದನ್ನು ಕತ್ತಲಿಗೆ ಬಿಟ್ಟರು.

"ಅದಲುಬದಲು ಆಯ್ತು ಬುದ್ಧಿ!" ಎಂದಳು ಕೆಂಪಾಜಮ್ಮ.

"ಆಗಲಿ ಅಂತಲೇ. ಎರಡಕ್ಕೂ ಒಂದೇ ಮಡಕೆಯ ಅನ್ನ, ಒಂದೇ ಅಳತೆ. ಹಾಕೋಳು ನೀನು. ಬೇರೆಯವರ ಕೈಯಾದರೆ ನೀನು ನಂಬಲ್ಲ."

"ಮೂರು ವರ್ಷದಿಂದ ಉಪದೇಶ ಕೊಡಿ ಅಂತ ಬೇಡಿದೆ. ಮೀನು ಕೊಟ್ಟಿರಲ್ಲ!"

"ಮೊದಲು ಇವನ್ನ ಸಾಕು. ಆಮೇಲೆ ನೋಡೋಣ."

ಶ್ರಾವಣ ಕಳೆಯಿತು. ದಿನಾ ಬೆಳಿಗ್ಗೆ ಕೆಂಪಾಜಮ್ಮ ಹೊಂಡದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂರುವಳು. ಮನೆಗೆ ಬಂದರೆ ಗೋಡೆಯಾಚೆ ಹೊನ್ನಿ ಪರರ ರಾಗಿ ಬೀಸುವ ಸದ್ದು. ಕೆಲವು ದಿನ ಆ ಮನೆಯ ಮಾಡಿನಿಂದ ಹೊಗೆ ಏಳುತ್ತಿರಲಿಲ್ಲ. ಅದನ್ನೂ ಕೆಂಪಾಜಮ್ಮ ನೋಡಿದಳು. ನೋಡದೆ ಬಿಡುವ ಕಣ್ಣಲ್ಲ ಅದು. ಆದರೆ ಆ ಸುದ್ದಿಯನ್ನು ಬಾವಿಯ ಹತ್ತಿರ ಹೇಳಲು ನಾಲಿಗೆ ಏಳಲಿಲ್ಲ.

ಸೋಲುವುದು ಮಾತ್ರ ಅವಳಿಗೆ ಆಗದ ಕೆಲಸ. ಬಿಸಿಲ ಹೊಂಡಕ್ಕೆ ಯಾರೂ ಇಲ್ಲದಾಗ ಇನ್ನೊಂದು ಹಿಡಿ ಅನ್ನ ಹಾಕಿದಳು. ಮಾರನೆಯ ದಿನ ಕಡಲೆಹಿಂಡಿ ಕಲಸಿ ಹಾಕಿದಳು. "ತಿನ್ರೇ, ಹೊಟ್ಟೆ ಬರಲಿ" ಎಂದು ಬೈದಳು.

ಮರಿಗಳು ತಿಂದವು, ಬೆಳೆದವು. ಅಗಲಕ್ಕಲ್ಲ, ಉದ್ದಕ್ಕೆ.

ದೀಪಾವಳಿಯ ಹೊತ್ತಿಗೆ ಅಯ್ಯನವರು ಕತ್ತಲ ಹೊಂಡದ ಗರಿ ತೆಗೆಸಿದರು. ಒಳಗಿನ ಮೀನೆಲ್ಲ ಮಂಕಾಗಿದ್ದವು. ಬೆನ್ನು ಕಪ್ಪಿಟ್ಟಿತ್ತು.

ಕೆಂಪಾಜಮ್ಮ ಚಪ್ಪಾಳೆ ತಟ್ಟಿದಳು. "ನೋಡಿದಿರಾ? ಮೆಟ್ಟಿಲ ಮೀನು ಕಪ್ಪಾಯ್ತು! ನಾನು ಬಡ್ಕೊಂಡೆ!"

ಅಯ್ಯನವರು ಅದರಲ್ಲೊಂದನ್ನು ಬೊಗಸೆಯಲ್ಲಿ ಎತ್ತಿ ಅವಳ ಕೈಗೆ ಇಟ್ಟರು. "ಬಾಯಿ ನೋಡು."

ಬಾಯಿ ಕೆಳಕ್ಕೆ ಬಾಗಿತ್ತು, ನೆಲದ ಕೆಸರನ್ನು ಮುಕ್ಕುವ ದಪ್ಪ ತುಟಿ. ಹೊಟ್ಟೆ ಅಗಲ. ಕಪ್ಪು ಬಣ್ಣದೊಳಗೆ ಅದೇ ಮೆಟ್ಟಿಲ ಗೆಂಡೆ.

"ಈಗ ನೀನು ಬಿಸಿಲಲ್ಲಿ ಸಾಕಿದ್ದು."

ಆ ಮೀನು ಅವಳ ಅಂಗೈಯಲ್ಲಿ ಚೂರಿಯಂತೆ ಮಿಂಚಿತು. ನೀಳ ಮೈ. ಆಳದ ಕತ್ತಲಿಗೆಂದೇ ಬಂದ ದೊಡ್ಡ ಕಣ್ಣು, ಕಾಸಗಲ. ಮಡುವಿನ ಗೆಂಡೆಯಂತೆಯೇ ಬಾಯಿ ಮೇಲಕ್ಕೆ ತೆರೆದಿತ್ತು, ನೀರಲ್ಲಿ ತೇಲಿ ಬರುವ ಹುಳ ಹಿಡಿಯುವ ಹಾಗೆ. ಆ ಹೊಂಡದಲ್ಲಿ ಒಂದು ದಿನವೂ ಆಳವಿರಲಿಲ್ಲ, ಕತ್ತಲಿರಲಿಲ್ಲ.

ಕೆಂಪಾಜಮ್ಮ ಬಹಳ ಹೊತ್ತು ನೋಡಿದಳು. ಅಷ್ಟು ಚೆಂದದ್ದನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ. ಮೀನನ್ನು ಮೆಲ್ಲಗೆ ನೀರಿಗೆ ಬಿಟ್ಟಳು.

"ಕಡಲೆಹಿಂಡಿ ಹಾಕಿದ್ದೆ ಬುದ್ಧಿ. ಕದ್ದು."

"ಗೊತ್ತು. ಹೊಂಡದ ನೀರೇ ನಾರುತ್ತಿತ್ತು."

"ನನ್ನ ಕೈಯ ಅನ್ನ, ನಿಮ್ಮ ಮಠದ ಬಿಸಿಲು. ಮಡುವನ್ನ ಕಣ್ಣಲ್ಲೂ ಕಂಡಿಲ್ಲ ಇವು. ಬಾಯಿ ಮೇಲಕ್ಕೆ ಇಟ್ಕೋ ಅಂತ ಇವಕ್ಕೆ ಯಾರು ಹೇಳಿದರು?"

"ಅವ್ವ ಮೊಟ್ಟೆಯೊಳಗೆ ಕಟ್ಟಿಕೊಟ್ಟ ಬುತ್ತಿ ಅದು. ನಿನ್ನ ಅನ್ನಕ್ಕಿಂತ ಮುಂಚಿನದು."

"ಹಂಗಾದ್ರೆ ಎರಡೂ ಬೇರೆ ಜಾತಿಯಾ?"

"ಒಂದೇ ಗೆಂಡೆ. ಕೆರೆಯೂ ಒಂದೇ. ಬೇರೆ ಬೇರೆ ಮನೆ."

ಹಿರಿಯರು ಬಂದು ಎರಡು ಹೊಂಡವನ್ನೂ ನೋಡಿದರು. ಬಣ್ಣ ಬದಲಾದೀತು, ಬಾಯಿ ಬದಲಾಗದು. ಹೊನ್ನಿ ಸಂತೆಗೆ ಹೊತ್ತ ಮೀನಿಗೆಲ್ಲ ಬಾಯಿ ಮೇಲಕ್ಕೇ ಇತ್ತು, ಅವು ಮಡುವಿನವೇ ಎಂದು ಒಪ್ಪಿದರು. ಅವತ್ತೇ ಬೋರಲು ಬಿದ್ದಿದ್ದ ದೋಣಿಯನ್ನು ನೆಟ್ಟಗೆ ತಿರುಗಿಸಿ ನೀರಿಗೆ ನೂಕಿದರು.

ಕೆಂಪಾಜಮ್ಮ ಅಯ್ಯನವರ ಕಾಲಿಗೆ ಬಿದ್ದಳು. "ಈಗಲಾದರೂ ಉಪದೇಶ ಕೊಡಿ."

"ನನ್ನ ಹತ್ತಿರ ಇಲ್ಲ. ಹೊನ್ನಿ ಹತ್ತಿರ ಇದೆ. ಹೋಗಿ ಇಸ್ಕೋ."

ಅವಳ ಮನೆಗೂ ಇವಳ ಮನೆಗೂ ಹತ್ತು ಹೆಜ್ಜೆ. ಆವತ್ತು ಅದು ಹರದಾರಿಯಾಯಿತು.

ಹೊನ್ನಿ ಹಿತ್ತಲಲ್ಲಿ ಬಾನಿಯ ಮುಂದೆ ಕೂತಿದ್ದಳು. ಗೋಣಿತಾಟು ಪಕ್ಕಕ್ಕಿತ್ತು. ಬಾನಿಯಲ್ಲಿ ಮೀನಿರಲಿಲ್ಲ. ನೂಲು ಗಟ್ಟಿಯಾಗಲೆಂದು ಮರದ ತೊಗಟೆ ಕುದಿಸಿದ ನೀರಿನಲ್ಲಿ ಬಲೆ ನೆನೆಹಾಕಿದ್ದಳು. ನೀರು ಕೆಂಪಗಿತ್ತು.

ಕೆಂಪಾಜಮ್ಮ ದನಿ ಇಳಿಸಲಿಲ್ಲ. ಬೀದಿಗೆ ಕೇಳುವ ಹಾಗೇ ಹೇಳಿದಳು.

"ಹೊನ್ನೀ, ನಾನು ಆಡಿದ್ದು ಸುಳ್ಳು. ಆ ನಾಲ್ಕು ಜನರ ಮುಂದೆಯೂ ಹೇಳಿ ಬರ್ತೀನಿ. ಏನು ಮಾಡಲಿ ತಾಯಿ, ಇದು ನನ್ನ ಹುಟ್ಟು ಬಾಯಿ."

ಹೊನ್ನಿ ಬಲೆಯನ್ನು ಹಿಂಡಿ ಮೇಲೆತ್ತಿದಳು. ಮುಖಕ್ಕೆ ಮುಖ ಕೊಟ್ಟು ನೋಡಿದಳು.

"ಮೀನಿಗಾದರೆ ಆ ಮಾತು ಸರಿ, ಅಕ್ಕಾ. ನೀನು ಮೀನಲ್ಲ."