ತಪ್ಪಿಲ್ಲದ ಪಿಸ್ತೂಲು

“ಎಡಗೈಯವರು ಎಂಥಾ ಪಿಸ್ತೂಲು ತೊಗೋಬೇಕ್ರಿ, ಗುರುಗಳ?” ಎಂದು ನೀಲಾಂಬಿಕೆ ಕೇಳಿದಳು.

ಕೇಳಿದ್ದು ಸುಬೇದಾರ ಅಡಿವೆಪ್ಪನವರನ್ನು. ಸೈನ್ಯದಿಂದ ನಿವೃತ್ತರಾಗಿ ಬಂದ ಮೇಲೆ ಅವರು ಬೆಳಗಾವಿ ಸೀಮೆಯ ಒಂದು ಹಳೆಯ ಕಲ್ಲುಗಣಿಯಲ್ಲಿ ನಮ್ಮಂಥ ಕೆಲವರಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದರು. ನಮ್ಮಲ್ಲಿ ಎಡಗೈಯವಳು ನೀಲಾಂಬಿಕೆ ಒಬ್ಬಳೇ. ಗಾಳಿ ಪಿಸ್ತೂಲಿನಲ್ಲಿ ಕೈ ಪಳಗಿಸಿಕೊಂಡು ಅವಳು ಪಾಯಿಂಟ್ ಟೂ ಟೂಗೆ, ಅಂದರೆ ರಿಮ್‌ಫೈರ್ ಎಂದು ಕರೆಯುವ ಸಣ್ಣ ತೋಟಾದ ಪಿಸ್ತೂಲಿಗೆ ಬಂದಿದ್ದಳು. ನಮ್ಮ ಕ್ಲಬ್ಬಿನಲ್ಲಿದ್ದದ್ದು ಬಲಗೈಯವರ ಪಿಸ್ತೂಲು. ಹಿಂದಿನ ವರ್ಷ ಅದರಲ್ಲೇ ಹೊಡೆದು ಜಿಲ್ಲಾ ತಂಡದ ಜಾಗವನ್ನು ಸ್ವಲ್ಪದರಲ್ಲಿ ಕಳೆದುಕೊಂಡಿದ್ದಳು.

ಈಗ ಸ್ವಂತದ್ದೊಂದನ್ನು ಕೊಳ್ಳಲು ಅವಳಿಗೆ ಪರವಾನಗಿ ಸಿಕ್ಕಿತ್ತು, ಅದೂ ಒಂದಕ್ಕೆ ಮಾತ್ರ. ಅಂಗಡಿಯಲ್ಲಿ ಎರಡು ತೋರಿಸಿದ್ದರು. ಒಂದರ ಹಿಡಿ ಎರಡೂ ಕಡೆ ಒಂದೇ ಸಮ, ಯಾವ ಕೈಯವರಾದರೂ ಹಿಡಿಯಬಹುದು. ಇನ್ನೊಂದರ ಹಿಡಿ ಎಡಗೈಗೆಂದೇ ಕೆತ್ತಿದ್ದು. ನಾವು ಗುರಿ ಹೊಡೆಯುವ ರೇಂಜಿನ ಅರ್ಧ ಜನ, ಪಿಸ್ತೂಲಿಗೆ ಹಿಡಿದ ಕೈ ಯಾವುದೆಂದು ತಿಳಿಯುತ್ತದೆಯೇ ಎಂದರು. ಇನ್ನರ್ಧ ಜನ, ಎಡಗೈಯದನ್ನು ಬಿಟ್ಟು ಬೇರೆಯದನ್ನು ಮುಟ್ಟಲೇಬೇಡ ಎಂದರು. ಪುಕ್ಕಟೆ ಸಲಹೆಗೆ ನಮ್ಮಲ್ಲಿ ಎಂದೂ ಬರವಿಲ್ಲ. ತಪ್ಪು ಆರಿಸಿದರೆ ಈ ವರ್ಷವೂ ತಂಡದ ಆಸೆ ಬಿಡಬೇಕಾಗುತ್ತದೆ ಎಂಬುದು ಅವಳ ಅಂಜಿಕೆ.

ಗುರುಗಳು ಒರೆಸುತ್ತಿದ್ದ ಪಿಸ್ತೂಲನ್ನು ಕೆಳಗಿಟ್ಟು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗುರಿಕಾರನಿದ್ದ. ಅವನು ಎಡಚ. ಚಿಕ್ಕವನಿದ್ದಾಗ ಬಳಪವನ್ನು ಅವನ ಎಡಗೈಯಿಂದ ಕಿತ್ತು ಬಲಗೈಗೆ ಕೊಡುತ್ತಿದ್ದರು. ಊಟದ ಪಂಕ್ತಿಯಲ್ಲಿ ಎಡಗೈ ಎಲೆಯ ಕಡೆ ಹೋದರೆ ಹಿರಿಯರು ಕಣ್ಣು ಬಿಡುತ್ತಿದ್ದರು. ಹಾಗಾಗಿ ಬರೆಯುವುದನ್ನೂ ಉಣ್ಣುವುದನ್ನೂ ಅವನು ಬಲಗೈಗೆ ರೂಢಿ ಮಾಡಿಕೊಂಡ. ದೊಡ್ಡವನಾಗಿ ರೇಂಜಿನಲ್ಲಿ ಮೊದಲ ಸಲ ಪಿಸ್ತೂಲು ಎತ್ತಿದಾಗ ಮಾತ್ರ ಎಡಗೈ ತಾನಾಗಿ ಮುಂದೆ ಬಂತು. ಅಲ್ಲಿ ಯಾರೂ ಬೇಡವೆನ್ನಲಿಲ್ಲ. ಅಂದಿನಿಂದ ಅವನಿಗೆ ಒಂದೇ ಹಟ. ಎಲ್ಲರೂ ಬೈದ ಈ ಕೈಯಿಂದಲೇ ಒಂದು ಪಂದ್ಯವನ್ನಾದರೂ ಗೆಲ್ಲಬೇಕು, ಈ ಕೈಯ ಮರ್ಯಾದೆ ಉಳಿಸಬೇಕು.

ಆದರೆ ಅಲ್ಲಿದ್ದ ಪಿಸ್ತೂಲು ಬಲಗೈಯವರಿಗೆ ಮಾಡಿದ್ದು. ಅವನ ಬೆರಳು ಹೋಗಬೇಕಾದಲ್ಲಿ ಮರ ಉಬ್ಬಿರುತ್ತಿತ್ತು, ಅಂಗೈ ಕೂರಬೇಕಾದಲ್ಲಿ ಆಸರೆಯೇ ಇರುತ್ತಿರಲಿಲ್ಲ. ಹೊಡೆದ ಮೇಲೆ ತೋಟಾದ ಖಾಲಿ ಕೊಳವೆ ಬಲಕ್ಕೆ ಹಾರುತ್ತಿತ್ತು, ಎಂದರೆ ಅವನ ಎದುರಿಗೇ ಹಾದು ಹೋಗುತ್ತಿತ್ತು. ಒಮ್ಮೆ ಬಿಸಿ ಕೊಳವೆ ಅಂಗಿಯ ಕೊರಳೊಳಗೆ ಇಳಿದು ಅವನು ಕುಣಿದ ಕುಣಿತವನ್ನು ಗೆಳೆಯರು ಬಹಳ ದಿನ ಆಡಿಕೊಂಡರು. ಅವನ ಗುಂಡುಗಳು ಗುರಿಹಲಗೆಯ ನಡುವಿನ ಕಪ್ಪನ್ನು ಬಿಟ್ಟು ಕೆಳಗೆ ಬಲಕ್ಕೆ ಬೀಳುತ್ತಿದ್ದವು.

ಪ್ರತಿ ಪಂದ್ಯ ಮುಗಿದ ಮೇಲೆ ಅವನು ಚಹಾದಂಗಡಿಯಲ್ಲಿ ಕೂತು, ಹಿಡಿಯೊಂದು ಎಡಗೈಯದಾಗಿದ್ದರೆ ಇವತ್ತು ತನ್ನ ಗುಂಡುಗಳು ಎಲ್ಲಿರುತ್ತಿದ್ದವು ಎಂದು ವಿವರಿಸುತ್ತಿದ್ದ. ಗೆಳೆಯರು ಹೌದೆನ್ನುತ್ತಿದ್ದರು. ಅವನೇನೂ ಸುಳ್ಳು ಹೇಳುತ್ತಿರಲಿಲ್ಲ. ಆ ಹಿಡಿ ನಿಜಕ್ಕೂ ಅವನ ಕೈಗೆ ಹೊಂದುತ್ತಿರಲಿಲ್ಲ. ಹೀಗೆ ರೇಂಜಿನಲ್ಲಿ ಬೇರೆಯವರು ಗೆಲ್ಲುತ್ತಿದ್ದರು, ಚಹಾದಂಗಡಿಯಲ್ಲಿ ಅವನು ಗೆಲ್ಲುತ್ತಿದ್ದ. ಕಾಲ ಸುಖವಾಗಿಯೇ ಸಾಗುತ್ತಿತ್ತು.

ಕೊನೆಗೊಂದು ದಿನ ಅವನು ಬಂದೂಕಿನ ವ್ಯಾಪಾರಿಯ ಹತ್ತಿರ ಹೋದ. ವ್ಯಾಪಾರಿ ಎರಡು ಪಿಸ್ತೂಲುಗಳನ್ನು ಮುಂದಿಟ್ಟ, ಒಂದು ಯಾವ ಕೈಗಾದರೂ ಆಗುವಂಥದ್ದು, ಒಂದು ಎಡಗೈಯದು. ಒಂದೊಂದನ್ನೇ ಹಿಡಿದು ಕಣ್ಣು ಮುಚ್ಚಿ ಕೈ ಚಾಚಿ, ಆಮೇಲೆ ಕಣ್ಣು ಬಿಟ್ಟು ನೋಡಿ ಎಂದ. ಮೊದಲನೆಯದನ್ನು ಹಿಡಿದು ಕಣ್ಣು ಬಿಟ್ಟಾಗ ಗುರಿ ನೋಡಲು ಪಿಸ್ತೂಲಿನ ಮೇಲಿರುವ ಮುಂದಿನ ಮೊನೆ ಹಿಂದಿನ ಗೀರಿನಿಂದ ಸ್ವಲ್ಪ ಸರಿದಿತ್ತು, ಮಣಿಕಟ್ಟು ತಿರುವಿ ಸರಿ ಮಾಡಿಕೊಳ್ಳಬೇಕಾಯಿತು. ಎಡಗೈಯದನ್ನು ಹಿಡಿದು ಕಣ್ಣು ಬಿಟ್ಟಾಗ ಮೊನೆ ಗೀರಿನ ನಟ್ಟನಡುವೆ ನಿಂತಿತ್ತು. ಗುರಿಕಾರನ ಕಣ್ಣು ತುಂಬಿ ಬಂತು. ಈ ಕೈಗೆಂದು ಯಾರಾದರೂ ಏನಾದರೂ ಮಾಡಿದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದನ್ನೇ ಕೊಂಡ.

ಮರುದಿನ ರೇಂಜಿಗೆ ಹೋಗಿ ಹೊಡೆದ. ಗುಂಡುಗಳು ಕೆಳಗೆ ಬಲಕ್ಕೆ ಬಿದ್ದವು.

ಹೊಸ ಹಿಡಿ, ಕೈಗೆ ಕೂರಬೇಕಲ್ಲ ಎಂದುಕೊಂಡು ಅರ ತಂದು ಉಜ್ಜಿದ. ಗುರಿಕಾರರಿಗೆ ಈ ಚಟ ಇದ್ದದ್ದೇ, ಗುಂಡು ತಪ್ಪಿದರೆ ಮರ ಉಜ್ಜುತ್ತಾರೆ. ಉಜ್ಜಿದ್ದು ಹೆಚ್ಚಾಯಿತೆಂದು ಪುಟ್ಟಿ ಮೆತ್ತಿದ, ಪುಟ್ಟಿ ದಪ್ಪವಾಯಿತೆಂದು ಮತ್ತೆ ಉಜ್ಜಿದ. ಮನೆಯಲ್ಲಿ ಎಲ್ಲಿ ನೋಡಿದರೂ ಮರದ ಪುಡಿ. ಹೆಂಡತಿ ಪೊರಕೆ ತಂದು ಅವನ ಕೈಗೇ ಕೊಟ್ಟಳು. ಗುಂಡುಗಳು ಮಾತ್ರ ತಮ್ಮ ಹಳೆಯ ಜಾಗ ಬಿಡಲಿಲ್ಲ.

ನಳಿಗೆಯೇ ಸೊಟ್ಟಗಿರಬೇಕೆಂದು ರೇಂಜಿನ ಮೇಲ್ವಿಚಾರಕನಿಗೆ ದೂರಿದ. ಅವನು ಪಿಸ್ತೂಲನ್ನು ಮರಳಿನ ಚೀಲದ ಮೇಲೆ ಊರಿ, ಆ ಗುರಿಕಾರನ ಎದುರಿಗೇ ಹೊಡೆದು ತೋರಿಸಿದ. ಎಲ್ಲ ಗುಂಡುಗಳೂ ಕಪ್ಪಿನ ನಡುವೆ ಒಂದೇ ತೂತಿನ ಆಸುಪಾಸಿನಲ್ಲಿ ಬಿದ್ದವು. ಆ ಸಂಜೆ ಚಹಾದಂಗಡಿಯಲ್ಲಿ ಗೆಳೆಯರು ಎಂದಿನಂತೆ ಕಾದು ಕೂತರು. ಇನ್ನು ಹಿಡಿಯನ್ನೂ ದೂರುವಂತಿರಲಿಲ್ಲ, ನಳಿಗೆಯನ್ನೂ ದೂರುವಂತಿರಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದ.

ಮರುದಿನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅವನು ವ್ಯಾಪಾರಿಯ ಕಟ್ಟೆಯ ಮೇಲೆ ಕೂತಿದ್ದ. ಇದನ್ನು ಇಟ್ಟುಕೊಂಡು ಆ ಇನ್ನೊಂದನ್ನು ಕೊಡಿ ಎಂದ. ವ್ಯಾಪಾರಿ ಪಿಸ್ತೂಲನ್ನು ತಿರುಗಿಸಿ ನೋಡಿದ.

“ಏನ್ ತಪ್ಪೈತ್ರಿ ಇದರಾಗ?”

“ತಪ್ಪೇನೂ ಇಲ್ರಿ. ಅದಕ್ಕ ನೋಡ್ರಿ ವಾಪಸ್ ತಂದಿದ್ದು.”

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವನಿಗೇ ಕೇಳಿಸಿತು. ವ್ಯಾಪಾರಿ ನಗಲಿಲ್ಲ, ಪಾಪ, ಗಿರಾಕಿಯ ಮರ್ಯಾದೆ ನೋಡಿದ. ಗುರಿಕಾರನೇ ಮೊದಲು ನಕ್ಕ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಅವನು ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿಕೊಂಡು ಮನೆಗೆ ಬಂದ.

ಆಮೇಲೆ ಅವನು ಮರ ಉಜ್ಜುವುದನ್ನು ಬಿಟ್ಟ. ಗೆಳೆಯನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನಿಜವಾದ ತೋಟಾಗಳ ನಡುವೆ ತನಗೆ ಗೊತ್ತಾಗದಂತೆ ಮದ್ದಿಲ್ಲದ ತೋಟಾ ಸೇರಿಸಿ ತುಂಬಲು ಹೇಳಿದ. ಮದ್ದಿಲ್ಲದ್ದು ಬಂದಾಗ ಸದ್ದಾಗಲಿಲ್ಲ, ಆದರೆ ನಳಿಗೆಯ ಮೂತಿ ಕೆಳಗೆ ಬಲಕ್ಕೆ ಬಾಗಿತು. ಸದ್ದಿಗೆ ಹೆದರಿ ಅವನ ಬೆರಳು ಟ್ರಿಗರನ್ನು ಮೊದಲೇ ಜಗ್ಗಿಬಿಡುತ್ತಿತ್ತು. ಇಷ್ಟು ವರ್ಷ ಸದ್ದಿನ ಮರೆಯಲ್ಲಿ ನಡೆಯುತ್ತಿದ್ದ ಈ ಕಳ್ಳಾಟವನ್ನು ಅವನು ಮೊದಲ ಸಲ ಕಂಡ. ನಾಚಿಕೆಯಾಯಿತು. ಅದರ ಹಿಂದೆಯೇ ಸಂತೋಷವೂ ಆಯಿತು. ಊರೆಲ್ಲ ತಿದ್ದಲು ಹೋಗಿದ್ದ ಆ ಕೈಯನ್ನು ಈಗ ಅವನೇ ಕೂರಿಸಿಕೊಂಡು, ಬೈಯದೆ, ಮೆಲ್ಲಗೆ ತಿದ್ದತೊಡಗಿದ.

ಅವನು ಮುಂದಿನ ಪಂದ್ಯ ಗೆಲ್ಲಲಿಲ್ಲ. ಅದರ ಮುಂದಿನದನ್ನು ಗೆದ್ದ, ಎಡಗೈಯಿಂದಲೇ ಗೆದ್ದ. ಅಂದು ಚಹಾದಂಗಡಿಯಲ್ಲಿ ಅವನು ಕಡಿಮೆ ಮಾತಾಡಿದ, ಎರಡು ಸಲ ಚಹಾ ತರಿಸಿ ಕುಡಿದ.

ಗುರುಗಳು ಕತೆ ಮುಗಿಸಿ ಪಿಸ್ತೂಲನ್ನು ಮತ್ತೆ ಒರೆಸತೊಡಗಿದರು. ನೀಲಾಂಬಿಕೆಯ ಮುಖ ಗೆಲುವಾಯಿತು. ಉತ್ತರ ಸಿಕ್ಕಿತೆಂದು ಅವಳು ಪರವಾನಗಿ ಇಟ್ಟಿದ್ದ ಚೀಲವನ್ನು ಹೆಗಲಿಗೇರಿಸಿದಳು.

“ಹಂಗಾರ ಎಡಗೈದನ್ನ ತೊಗೋತೀನ್ರಿ. ಹ್ವಾದ ವರ್ಷ ಅದೊಂದು ಇದ್ದಿದ್ರ ನಾ ತಂಡದಾಗ ಇರ್ತಿದ್ನಿ.”

ಗುರುಗಳು ತಲೆ ಎತ್ತದೆ ಹೇಳಿದರು: “ತೊಗೊ ತಂಗಿ. ಆದ್ರ ಅದು ಬಂದ ಮ್ಯಾಲ ಈ ಮಾತು ಯಾರ ಮುಂದನೂ ಹೇಳಾಕ ಬರೂದಿಲ್ಲ, ನಡಿತೈತೇನು?”